ಪದ್ಮಿನಿಯ ನೆಲ ನೋಡಿ
ಮೊದಲ ಬಾರಿಗೆ ಹಳೆಯ ಕಾರೊಂದನ್ನು ರಿಪೇರಿ ಮಾಡಹೊರಟವರಿಗೆ ನಾನು ಹೇಳುವುದು ಪ್ರೀಮಿಯರ್ ಪದ್ಮಿನಿಯನ್ನು. ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್ 1100ಕ್ಕೆ 1974ರಲ್ಲಿ ಬಂದ ಹೆಸರದು. 1089 ಸಿಸಿಯ ಸರಳ ಎಂಜಿನ್, ಯಾವ ಊರಿನ ಹಳೇ ಮೆಕ್ಯಾನಿಕ್‌ಗೂ ಪರಿಚಿತ.

ತೊಡಕಿರುವುದು ತಗಡಿನಲ್ಲಿ. ಈ ಕಾರಿಗೆ ಬೇರೆ ಚಾಸಿ ಇಲ್ಲ, ಮೈಯೇ ಬೆನ್ನೆಲುಬು. ಲೈಸೆನ್ಸ್ ರಾಜ್ ಕಾಲದಲ್ಲಿ ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗಾಗಿ ನೆಲ ತೂತಾದರೆ ತೇಪೆ ಬೆಸೆದು ಓಡಿಸುತ್ತಿದ್ದರು. ಆ ಅಭಾವದ ಚರಿತ್ರೆ ಇಂದಿಗೂ ಮ್ಯಾಟಿನ ಕೆಳಗಿದೆ. (ನನ್ನಂಥವರಿಗೆ ಅದೂ ಒಂದು ದಾಖಲೆಯೇ!)

ಮಲೆನಾಡಿನ ಸೆರಗಿನ ತರೀಕೆರೆಯಲ್ಲಿ ಮಳೆಗೆ ನೆನೆದು ನಿಂತ, ಸ್ಟಾರ್ಟ್ ಆಗುವ ಕಾರಿಗಿಂತ ಬಯಲುಸೀಮೆಯ ಕಡೂರು, ಅಜ್ಜಂಪುರದ ಕೊಟ್ಟಿಗೆಯಲ್ಲಿ ಎಂಜಿನ್ ಕೆಟ್ಟು ಧೂಳು ಹಿಡಿದ ಕಾರೇ ವಾಸಿ. ಎಂಜಿನ್ ಬಿಚ್ಚಿ ಕಲಿಯಬಹುದು. ತೇಪೆಯ ಮೇಲೆ ತೇಪೆ ಕಂಡರೆ, ಬೆಲೆ ಎಷ್ಟೇ ಇಳಿಸಲಿ, ಮ್ಯಾಟು ಮುಚ್ಚಿ ಎದ್ದುಬನ್ನಿ.