ಗಾಲಿಯ ದನಿ

ಸಂತೆಯಲ್ಲಿ ಮಡಕೆ ಕೊಳ್ಳುವ ಗೃಹಿಣಿಯನ್ನು ನೀವು ನೋಡಿಯೇ ಇರುತ್ತೀರಿ. ಕಣ್ಣಿಗೆ ಎಷ್ಟೇ ಅಂದವಾಗಿ ಕಂಡರೂ ಬೆರಳ ಗೆಣ್ಣಿನಿಂದ ತಟ್ಟಿ ನೋಡದೆ ಆಕೆ ಕಾಸು ಬಿಚ್ಚುವುದಿಲ್ಲ. ಗಟ್ಟಿ ಮಡಕೆ ‘ಠಣ್’ ಎನ್ನುತ್ತದೆ; ಬಿರುಕು ಬಿಟ್ಟದ್ದು ಒಡಕು ದನಿಗೊಡುತ್ತದೆ. ಉಗಿಬಂಡಿಗಳ ಕಾಲದಲ್ಲಿ ರೈಲುಗಾಲಿಯನ್ನು ಪರೀಕ್ಷಿಸುತ್ತಿದ್ದುದೂ ಹೀಗೆಯೇ. ಗಾಡಿ ನಿಂತೊಡನೆ ಉದ್ದ ಹಿಡಿಯ ಸುತ್ತಿಗೆ ಹಿಡಿದವನೊಬ್ಬ ಗಾಲಿಯಿಂದ ಗಾಲಿಗೆ ತಟ್ಟುತ್ತ, ಕಿವಿಗೊಡುತ್ತ ಹೋಗುತ್ತಿದ್ದನು.

ಉಕ್ಕು, ಕಬ್ಬಿಣಗಳ ಬಿರುಕು ಎಷ್ಟು ಘೋರವೆಂಬುದನ್ನು 1842ರ ಮೇ 8ರಂದು ಫ್ರಾನ್ಸು ಕಂಡಿತು. ವರ್ಸೈಲಿನಿಂದ ಪ್ಯಾರಿಸಿಗೆ ಮರಳುತ್ತಿದ್ದ ಗಾಡಿಯ ಎಂಜಿನ್ನಿನ ಅಚ್ಚು ಮುರಿಯಿತು; ಡಬ್ಬಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿತು. ಬಾಗಿಲುಗಳಿಗೆ ಬೀಗ ಹಾಕಿದ್ದುದರಿಂದ ಒಳಗಿದ್ದವರು ಹೊರಬರಲಾರದೆ ಹೋದರು. ಐವತ್ತಕ್ಕೂ ಹೆಚ್ಚು ಜನ ಮಡಿದರು. ಮುಂದಿನ ವರ್ಷ ಸ್ಕಾಟ್ಲೆಂಡಿನ ರ‍್ಯಾಂಕಿನ್ ಎಂಬ ಎಂಜಿನಿಯರು, ಅಚ್ಚು ಒಮ್ಮೆಲೇ ಮುರಿಯುವುದಿಲ್ಲ, ಸಣ್ಣ ಬಿರುಕು ದಿನದಿನಕ್ಕೆ ಬೆಳೆಯುತ್ತದೆ ಎಂದು ವಿವರಿಸಿದನು. ಒಮ್ಮೆ ಹೊತ್ತರೆ ಏನೂ ಆಗದ ಭಾರವನ್ನೇ ಲಕ್ಷಾಂತರ ಬಾರಿ ಹೊತ್ತರೆ ಲೋಹವೂ ದಣಿದು ಮುರಿಯುತ್ತದೆಂಬುದನ್ನು ತರುವಾಯ ಜರ್ಮನಿಯ ವೋಲರನು ಪ್ರಯೋಗಗಳಿಂದ ತೋರಿಸಿಕೊಟ್ಟನು.

ಸವೆತಕ್ಕೂ ತನ್ನದೇ ದನಿಯುಂಟು. ಹಳಿಯ ಮೈ ಅಲೆಯಲೆಯಾಗಿ ಸವೆದಿದ್ದರೆ ಗಾಡಿ ಅಲ್ಲಿ ಮೊರೆಯುತ್ತದೆ. ಗಾಲಿ ಒಂದೆಡೆ ಚಪ್ಪಟೆಯಾಗಿದ್ದರೆ ಸುತ್ತಿಗೊಮ್ಮೆ ಬಡಿಯುತ್ತದೆ. ಆದರೆ ಕೂದಲೆಳೆಯಂಥ ಬಿರುಕು ಸುತ್ತಿಗೆಗೆ ಸಿಕ್ಕದು. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ ಕೇಳುತ್ತದೆ. ಅದಕ್ಕೂ ಮೀರಿದ ಸೂಕ್ಷ್ಮ ಶಬ್ದದಿಂದ ಲೋಹದ ಒಡಲನ್ನು ಶೋಧಿಸಬಹುದೆಂದು 1928ರಲ್ಲಿ ರಷ್ಯದ ಸೊಕೊಲೋವ್ ಸೂಚಿಸಿದನು. ಉಕ್ಕಿನೊಳಕ್ಕೆ ಹೊಕ್ಕ ಇಂಥ ಶಬ್ದ ಬಿರುಕಿಗೆ ತಾಗಿ ಮಾರ್ದನಿಯಾಗಿ ಹಿಂದಿರುಗುತ್ತದೆ. ಇಂದು ಹಳಿ, ಗಾಲಿ, ಅಚ್ಚುಗಳನ್ನು ಪರೀಕ್ಷಿಸುವುದು ಈ ಉಪಾಯದಿಂದಲೇ. ಹಳಿಯ ಪಕ್ಕದಲ್ಲಿ ಮೈಕುಗಳನ್ನು ನಿಲ್ಲಿಸಿ, ಓಡುವ ಗಾಡಿಯ ಬೇರಿಂಗುಗಳ ದನಿ ಕೇಳುವ ಏರ್ಪಾಡೂ ಬಂದಿದೆ.

ಆದರೆ ದನಿ ಕೇಳಿಸುವುದು ಬೇರೆ, ಅದಕ್ಕೆ ಕಿವಿಗೊಡುವುದು ಬೇರೆ. ಜರ್ಮನಿಯ ಅತಿವೇಗದ ಗಾಡಿಗಳಲ್ಲಿ ಮೊದಲು ಇಡಿಯಾದ ಉಕ್ಕಿನ ಗಾಲಿಗಳಿದ್ದವು. ಅವು ಸವೆದಂತೆ ಊಟದ ಡಬ್ಬಿಯಲ್ಲಿ ಅದುರಾಟ, ಸದ್ದು ಹೆಚ್ಚಿತು. ಅದನ್ನು ಅಡಗಿಸಲು ಗಾಲಿಗೂ ಅದರ ಹೊರಪಟ್ಟಿಗೂ ನಡುವೆ ರಬ್ಬರು ಕೂಡಿಸಿದರು. 1998ರ ಜೂನ್ 3ರಂದು ಎಶೆಡೆ ಎಂಬ ಊರಿನ ಬಳಿ, ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಅಂಥದೊಂದು ಪಟ್ಟಿ ಮುರಿಯಿತು. ಬಿರುಕು ಹುಟ್ಟಿದ್ದುದು ಕಣ್ಣಿಗೆ ಕಾಣದ ಒಳಮೈಯಲ್ಲಿ. ಗಾಡಿ ಹಳಿ ತಪ್ಪಿ ಸೇತುವೆಗೆ ಅಪ್ಪಳಿಸಿತು, ಸೇತುವೆ ಕುಸಿಯಿತು. 101 ಜನ ಸತ್ತರು.

ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಯನ್ನು ಗಮನಿಸಿರಿ. ಅದೇ ಗಾಲಿಯ ಕಡೆಯಿಂದ ಸದ್ದು, ಅದುರಾಟ ಬರುತ್ತಿದೆಯೆಂದು ಹಿಂದಿನ ಎರಡು ತಿಂಗಳಲ್ಲಿ ಗಾಡಿಯ ಸಿಬ್ಬಂದಿ ಎಂಟು ಬಾರಿ ದೂರು ಬರೆದಿದ್ದರು. ಗಾಲಿಯನ್ನು ಬದಲಾಯಿಸಲಿಲ್ಲ.

ಆ ಬಳಿಕ ರಬ್ಬರಿನ ಗಾಲಿಗಳನ್ನು ತೆಗೆದು ಇಡಿಗಾಲಿಗಳನ್ನು ಹಾಕಿದರು. ನಮ್ಮ ಯಲಹಂಕದ ಕಾರ್ಖಾನೆಯಲ್ಲಿ 1984ರಿಂದ ಎರಕ ಹೊಯ್ಯುತ್ತಿರುವುದೂ ಇಡಿಗಾಲಿಗಳನ್ನೇ. ಸೂಕ್ಷ್ಮ ಶಬ್ದದ ಪರೀಕ್ಷೆ ಅಲ್ಲಿಯೂ ಉಂಟು.

ಸಂತೆಯ ಗೃಹಿಣಿಯಲ್ಲಿ ಯಾವ ಯಂತ್ರವೂ ಇಲ್ಲ. ಆದರೆ ಒಡಕು ದನಿ ಕೇಳಿದೊಡನೆ ಆಕೆ ಮಡಕೆಯನ್ನು ಕೆಳಗಿಡುತ್ತಾಳೆ.