ಎದೆಯ ಫೋಟೋ

ನಮ್ಮ ಸೇಡಂ, ಚಿತ್ತಾಪುರಗಳ ಕಡೆ ಕ್ಷ-ಕಿರಣವೆಂಬ ಮಾತು ಪಠ್ಯಪುಸ್ತಕದಲ್ಲಿಯೇ ಉಳಿಯಿತು. ಜನರ ಬಾಯಲ್ಲಿರುವುದು ‘ಫೋಟೋ’. “ದಮ್ಮು ಹತ್ಯಾದ, ಎದಿ ಫೋಟೋ ತೆಗಸ್ರಿ ಅಂದಾರ” ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪಾರಿಭಾಷಿಕ ಪದಗಳನ್ನು ಕಟ್ಟುವ ನಮ್ಮಂಥ ಕನ್ನಡ ಮಾಸ್ತರರು ಈ ಮಾತಿನ ಮುಂದೆ ಸೋತಂತೆಯೇ ಸರಿ. ಆದರೆ ಫೋಟೋ ತೆಗೆಸಿಕೊಳ್ಳುವವನು ಯಂತ್ರವಿರುವಲ್ಲಿಗೆ ಹೋಗಬೇಕಲ್ಲ! ಉಸಿರೇ ಕಟ್ಟುತ್ತಿರುವವನು ಹೋಗುವುದು ಹೇಗೆ? ಎದೆಯ ಚಿತ್ರದ ಇತಿಹಾಸದುದ್ದಕ್ಕೂ ಈ ಪ್ರಶ್ನೆ ವೈದ್ಯರ ಬೆನ್ನು ಹತ್ತಿದೆ.

ಜರ್ಮನಿಯ ವುರ್ಟ್ಸ್‌ಬರ್ಗ್ ನಗರದಲ್ಲಿ ರಾಂಟ್‌ಗೆನ್ ಈ ಕಿರಣವನ್ನು ಕಂಡುದು 1895ರ ನವೆಂಬರ್ 8ರಂದು. ಗಾಳಿ ತುಂಬಿದ ಶ್ವಾಸಕೋಶ ಚಿತ್ರದಲ್ಲಿ ಕಪ್ಪಾಗಿಯೂ ಎಲುಬು, ನೀರು, ಕೀವು ಬೆಳ್ಳಗೂ ಮೂಡುತ್ತವೆ. ಕಪ್ಪಾಗಿರಬೇಕಾದಲ್ಲಿ ಬಿಳುಪು ಕಂಡರೆ ಕೇಡು. ಮೂರೇ ವರ್ಷದೊಳಗೆ ಈ ಯಂತ್ರ ಹಿಂದೂಸ್ಥಾನದ ವಾಯವ್ಯ ಗಡಿಗೆ ಬಂದಿತು. 1897-98ರ ತಿರಾಹ್ ಕಾಳಗದಲ್ಲಿ ಸರ್ಜನ್ ಮೇಜರ್ ಬೀವರ್ ಗಾಯಾಳುಗಳ ಮೈಯಲ್ಲಿ ಹೂತ ಗುಂಡುಗಳನ್ನು ಇದರಿಂದ ಹುಡುಕಿದನು. 1914ರಲ್ಲಿ ಯುದ್ಧ ಹತ್ತಿಕೊಂಡಾಗ ಮೇರಿ ಕ್ಯೂರಿ ಮೋಟಾರು ಗಾಡಿಗಳಲ್ಲಿ ಯಂತ್ರವನ್ನಿರಿಸಿ ರಣರಂಗದ ಸಮೀಪಕ್ಕೇ ಒಯ್ದಳು. ಗಾಯಾಳು ಯಂತ್ರದ ಬಳಿಗೆ ಬರಲಾರ, ಯಂತ್ರವೇ ಅವನ ಬಳಿಗೆ ಹೋಗಬೇಕೆಂಬುದನ್ನು ಸೈನ್ಯದವರು ಆಗಲೇ ಅರಿತಿದ್ದರು.

ದೊಡ್ಡ ಆಸ್ಪತ್ರೆಗಳಲ್ಲಿಯೂ ಕಾಲಾನಂತರ ಚಕ್ರದ ಯಂತ್ರಗಳು ಹಾಸಿಗೆಯ ಪಕ್ಕಕ್ಕೆ ಬಂದವು. ಹಾಗೆಂದು ಮಲಗಿದವನ ಚಿತ್ರ ನಿಂತವನ ಚಿತ್ರಕ್ಕೆ ಸಮನಲ್ಲ. ಕಿರಣ ಎದುರಿನಿಂದ ಬೀಳುವುದರಿಂದ ಹೃದಯ ಇದ್ದುದಕ್ಕಿಂತ ಹಿಗ್ಗಿ ಕಾಣುತ್ತದೆ. ಹೃದಯ ಸೋತು ತುಂಬಿದ ನೀರೋ, ಸೋಂಕಿನ ಕೀವೋ ಎಂದು ಬಿಳುಪು ತಾನಾಗಿ ಹೇಳುವುದಿಲ್ಲ. ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿದರಂತೂ ರೋಗಿ ಏದುತ್ತಿರುವಾಗಲೂ ಚಿತ್ರ ನಿರ್ಮಲವಾಗಿರಬಹುದು. 1967ರಲ್ಲಿ ಅಮೆರಿಕದ ಡೆನ್ವರಿನ ವೈದ್ಯರು ಹನ್ನೆರಡು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಎರಡೂ ಕಡೆಯ ಶ್ವಾಸಕೋಶಗಳು ಹಠಾತ್ತನೆ ಕೆಡುವ ಬೇನೆಯನ್ನು ಬೇರೆಯಾಗಿ ಗುರುತಿಸಿದರು. ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರ 1971ರಲ್ಲಿ ಮೊದಲು ರೋಗಿಯನ್ನು ಕಂಡಿತು. ಮುಂದೆ ಇಟಲಿಯ ಗ್ಯಾಟಿನೋನಿ ಅಂಥ ಯಂತ್ರದಲ್ಲಿ ನೋಡಲಾಗಿ, ಈ ಬೇನೆಯಲ್ಲಿ ಗಾಳಿಯಾಡುವ ಭಾಗ ಕೂಸಿನ ಶ್ವಾಸಕೋಶದಷ್ಟೇ ಉಳಿದಿರುತ್ತದೆಂದು ತಿಳಿಯಿತು. ಅಷ್ಟು ಚಿಕ್ಕದಕ್ಕೆ ದೊಡ್ಡವರ ಪ್ರಮಾಣದಲ್ಲಿ ಗಾಳಿ ಒತ್ತಿದರೆ ಅದೂ ಹರಿಯುತ್ತದೆ. ಚಿತ್ರವೊಂದು ಚಿಕಿತ್ಸೆಯನ್ನೇ ಬದಲಿಸಿದ ಬಗೆ ಇದು.

ಇನ್ನು ನಮ್ಮ ಸೀಮೆ. ವಾಡಿಗೆ ನಿಜಾಮರ ರೈಲು ಬಂದುದು 1874ರಲ್ಲಿ. ಶಹಾಬಾದಿನ ಫರಸಿ ದೇಶದ ಎಷ್ಟೋ ಮನೆಗಳ ನೆಲವಾಯಿತು, ಸುಣ್ಣಕಲ್ಲು ಸಿಮೆಂಟಾಯಿತು. ಈ ಧೂಳನ್ನು ಕೋಲಾರದ ಚಿನ್ನದ ಗಣಿಯ ಬೆಣಚುಕಲ್ಲಿನ ಧೂಳಿಗೆ ಸಮವೆನ್ನುವುದು ಸರಿಯಲ್ಲ. ಆದರೂ ವರ್ಷಗಟ್ಟಲೆ ಧೂಳಿನಲ್ಲಿ ದುಡಿದು ಬೀಡಿ ಸೇದಿದವನ ಎದೆಯಲ್ಲಿ ಹಳೆಯ ಕಲೆಗಳಿರುವುದುಂಟು; ಹೊಸ ನೆರಳು ಯಾವುದೆಂದು ತಿಳಿಯಲು ಹಳೆಯ ಫೋಟೋ ಬೇಕು. ಅದನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟವರೆಷ್ಟು ಮಂದಿ?

2020ರ ಮಾರ್ಚಿಯಲ್ಲಿ ಕಲಬುರಗಿಯ ವೃದ್ಧರೊಬ್ಬರಿಗೆ ಶ್ವಾಸಕೋಶದ ನಡುಭಾಗದಲ್ಲಿ ವೈರಸ್ ನ್ಯುಮೋನಿಯಾ ಇರಬಹುದೆಂದು ವೈದ್ಯರು ಊಹಿಸಿದರು. ಮೇಲು, ನಡು, ಕೆಳಗು ಎಂಬ ಈ ವಿಂಗಡಣೆ ಫೋಟೋ ಓದುವವರ ಮಾತು. ಪರೀಕ್ಷೆಯ ಫಲ ಬರುವ ಮೊದಲೇ ಅವರನ್ನು ಹೈದರಾಬಾದಿಗೆ ಒಯ್ದರು. ಮರಳಿ ತರುವಾಗ 10ರಂದು ದಾರಿಯಲ್ಲಿಯೇ ಪ್ರಾಣ ಹೋಯಿತು. ದೇಶದ ಮೊದಲ ಕೋವಿಡ್ ಸಾವು ಅದೆಂದು 12ರಂದು ತಿಳಿಯಿತು. ಚಿತ್ರ ಸುಳಿವು ಕೊಟ್ಟಿತ್ತು, ದಾರಿ ಮಾತ್ರ ದೂರವಾಗಿದ್ದಿತು. ಕಲಬುರಗಿ ಪಟ್ಟಣದವರ ಪಾಡೇ ಇದಾದರೆ, ಆ ಪಟ್ಟಣಕ್ಕೆ ಬರಲು ಎಂಬತ್ತು ಕಿಲೋಮೀಟರಿನಷ್ಟು ಸಾಗಬೇಕಾದ ಚಿಂಚೋಳಿಯವರ ಮಾತೇನು?

ದಾರಿಯನ್ನು ಕಡಿಮೆ ಮಾಡುವ ಉಪಾಯ ಅನಿರೀಕ್ಷಿತವಾದ ಕಡೆಯಿಂದ ಬಂದಿತು. ಗಾಳಿ ಶಬ್ದತರಂಗವನ್ನು ಹಿಂದಕ್ಕೆಸೆಯುವುದರಿಂದ ಶ್ವಾಸಕೋಶಕ್ಕೆ ಅಲ್ಟ್ರಾಸೌಂಡ್ ಸಲ್ಲದೆಂದು ವೈದ್ಯಗ್ರಂಥಗಳು ಹೇಳುತ್ತಿದ್ದವು. ಫ್ರಾನ್ಸಿನ ಲಿಕ್ಟೆನ್‌ಸ್ಟೈನ್ ಆ ಪ್ರತಿಫಲನದ ಗೆರೆಗಳನ್ನೇ ಓದತೊಡಗಿದನು: ಅಡ್ಡಗೆರೆಯಿದ್ದರೆ ಗಾಳಿ, ಧೂಮಕೇತುವಿನ ಬಾಲದಂತೆ ಇಳಿಬಿದ್ದ ಗೆರೆಗಳು ಹಲವಿದ್ದರೆ ನೀರು. 2008ರಲ್ಲಿ ಅವನು 260 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತು ಸಲ ಕಾರಣ ಸರಿಯಾಗಿ ತಿಳಿಯಿತು. ಯಂತ್ರ ಕೈಯಲ್ಲಿ ಹಿಡಿಯುವಂಥದು. ರುವಾಂಡದ ಕಿಗಾಲಿಯಲ್ಲಿ ಇದನ್ನೇ ನೆಚ್ಚಿ 1046 ರೋಗಿಗಳನ್ನು ನೋಡಿದಾಗ 42 ಜನರಲ್ಲಿ ಆ ಡೆನ್ವರಿನ ಬೇನೆ ಕಂಡಿತು. ಅವರಲ್ಲಿ ಅರ್ಧದಷ್ಟು ಮಂದಿ ಆಸ್ಪತ್ರೆಯಲ್ಲೇ ತೀರಿಕೊಂಡರು. 2016ರಲ್ಲಿ ಈ ವರದಿ ಬಂದ ಮೇಲೆ, ಬೇನೆಯ ಲಕ್ಷಣ ಹೇಳುವ ಅಂತರರಾಷ್ಟ್ರೀಯ ಸೂತ್ರ 2023ರಲ್ಲಿ ತಿದ್ದಲ್ಪಟ್ಟು ಅಲ್ಟ್ರಾಸೌಂಡಿಗೂ ಮನ್ನಣೆ ದೊರೆಯಿತು.

ನಮ್ಮ ದೇಶದಲ್ಲಿ ಈ ಯಂತ್ರಕ್ಕೆ ಬೇರೊಂದು ಕಥೆಯಿದೆ. ಹೆಣ್ಣುಭ್ರೂಣವನ್ನು ಪತ್ತೆ ಹಚ್ಚಿ ಕೊಲ್ಲುವುದಕ್ಕೆ ಅದು ಸಾಧನವಾದ್ದರಿಂದ 1994ರ ಕಾಯಿದೆ ಅದನ್ನು ಬಿಗಿಯಾಗಿ ಕಟ್ಟಿಹಾಕಿತು. ನೋಂದಣಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ, ಮನಬಂದಲ್ಲಿಗೆ ಒಯ್ಯುವಂತಿಲ್ಲ. ಕಟ್ಟಿಹಾಕಿದ್ದು ತಪ್ಪೆಂದು ನಾನು ಹೇಳಲಾರೆ. ಉಸಿರಿಗಾಗಿ ಹೆಣಗುವವನ ಹಾಸಿಗೆಯ ಬಳಿಗೂ ಅದು ಆ ಕಟ್ಟಿನೊಡನೆಯೇ ಬರಬೇಕಾಗಿದೆ.