ಪೆಯೋನಾ ತಾಯಿಯ ಊರಿನ ಅಂಗಳ

ಪೆರುವಿನ ಲಿಮಾ ನಗರದಿಂದ ತೆಂಕಣಕ್ಕೆ ಸುಮಾರು 200 ಕಿಲೋಮೀಟರ್ ಸಾಗಿದರೆ ಚಿಂಚಾ ಸೀಮೆ. ಒಂದು ಕಡೆ ಮರಳುಗಾಡು, ಇನ್ನೊಂದು ಕಡೆ ಶಾಂತಸಾಗರ, ನಡುವೆ ಹೊಳೆಯ ನೀರುಂಡ ಹಸಿರು ಪಟ್ಟಿ. ಕಬ್ಬು, ಹತ್ತಿ, ದ್ರಾಕ್ಷಿ ಬೆಳೆದ ಆ ನೆಲದಲ್ಲೇ ಎಲ್ ಕಾರ್ಮೆನ್ ಎಂಬ ಊರಿದೆ. ಸ್ಪೇನಿನವರು ಆಫ್ರಿಕಾದಿಂದ ಹಿಡಿದು ತರಿಸಿದ ಗುಲಾಮರ ಸಂತತಿ ನೆಲೆನಿಂತದ್ದು ಇಲ್ಲಿ. ಎಸ್ಟೇಟಿನ ಗಂಟೆ ಬಾರಿಸಿದರೆ ಬೆಳಗು, ಮತ್ತೆ ಬಾರಿಸಿದರೆ ಇರುಳು ಎಂಬಂತೆ ಅವರ ದಿನಗಳು ಕಳೆದವು.

ಆ ಕಾಲದ ಮಕ್ಕಳ ಕಥೆಯನ್ನು ಕಾನೂನಿನ ಪುಟಗಳಲ್ಲೇ ಓದಬೇಕು. 1821ರ ಜುಲೈ 28ರಂದು ಪೆರು ಸ್ವತಂತ್ರವಾಯಿತು. ಆ ದಿನದಿಂದಾಚೆ ಹುಟ್ಟಿದ ಗುಲಾಮರ ಮಕ್ಕಳೆಲ್ಲ ಸ್ವತಂತ್ರರು ಎಂದು ಸೇನಾನಿ ಸಾನ್ ಮಾರ್ಟಿನ್ ಸಾರಿದ. ಆದರೆ ತಾಯಿಯ ಒಡೆಯನೇ ಮಗುವಿಗೂ ಪೋಷಕ. ಹೆಣ್ಣಾದರೆ 20, ಗಂಡಾದರೆ 24 ತುಂಬುವ ತನಕ ಅವನ ಹೊಲದಲ್ಲಿ ದುಡಿಯಬೇಕು. 1839ರಲ್ಲಿ ಆ ಗಡುವನ್ನು 50ಕ್ಕೆ ಏರಿಸಿದರು. ತಲೆ ನರೆತವನನ್ನೂ ಪಾಲನೆಯಲ್ಲಿರುವ ಮಗುವೆಂದು ಬಗೆದ ಆ ಶಾಸನಕ್ಕೆ, ನಿಜವಾದ ಮಗುವಿನ ಆಟದ ಗೊಡವೆ ಎಲ್ಲಿಂದ ಬಂದೀತು?

ಬಿಡುಗಡೆಯೂ ಧರ್ಮಬುದ್ಧಿಯಿಂದಷ್ಟೇ ಬಂದದ್ದಲ್ಲ. 1854ರ ಅಂತರ್ಯುದ್ಧದಲ್ಲಿ ಅಧ್ಯಕ್ಷ ಎಚೆನಿಕೆ, ತನ್ನ ದಂಡಿಗೆ ಸೇರುವ ಗುಲಾಮರಿಗೆ ಮುಕ್ತಿ ಎಂದ. ಎದುರಾಳಿ ರಾಮೋನ್ ಕಾಸ್ಟಿಯಾ ಬಿಡುವನೆ? ಡಿಸೆಂಬರಿನಲ್ಲಿ ವಾಂಕಾಯೊ ಊರಿನಿಂದ ಗುಲಾಮಗಿರಿಯನ್ನೇ ತೆಗೆದುಹಾಕಿದ. ಸುಮಾರು 25,000 ಮಂದಿ ಬಿಡುಗಡೆಯಾದರು. ಒಡೆಯರಿಗೆ ತಲೆಗೆ 300 ಪೆಸೊ ಪರಿಹಾರವೆಂದು ಗೊತ್ತಾಯಿತು. ಹಣದ ಮೂಲ ಹಕ್ಕಿ ಹಿಕ್ಕೆಯ ಗೊಬ್ಬರ, ಅದೂ ಅದೇ ಕರಾವಳಿಯೆದುರಿನ ಚಿಂಚಾ ದ್ವೀಪಗಳಿಂದ ಅಗೆದು ಯುರೋಪಿಗೆ ಮಾರಿದ್ದು. ದುಡಿದವರ ಕೈಗೆ ಮಾತ್ರ ಒಂದು ಗೇಣು ನೆಲವೂ ಬರಲಿಲ್ಲ. ಹಳೆಯ ಹೊಲಕ್ಕೇ ಕೂಲಿಗೆ ಹೋದರು. ದೊಡ್ಡ ಎಸ್ಟೇಟುಗಳು ಒಡೆಯರ ಕೈತಪ್ಪಿದ್ದು 1969ರ ಭೂಸುಧಾರಣೆಯ ನಂತರ.

ನೆಲವಿಲ್ಲದವರು ಬೀದಿಯನ್ನೇ ಅಂಗಳ ಮಾಡಿಕೊಂಡರು. ಊರಿನ ಕಾರ್ಮೆನ್ ಮಾತೆಗೆ, ಎಂದರೆ ಮೇರಿಯಮ್ಮನಿಗೆ, ಜನ ಇಟ್ಟ ಹೆಸರು ‘ಲಾ ಪೆಯೋನಾ’, ಎಂದರೆ ಕೂಲಿಯವಳು. ಕ್ರಿಸ್‌ಮಸ್ ಬಂತೆಂದರೆ ಮಕ್ಕಳ ‘ಅತಾಹೊ ದೆ ನೆಗ್ರಿತೋಸ್’ ಮೇಳ ಬೀದಿಗಿಳಿಯುತ್ತದೆ. ಎದೆಗೆ ಅಡ್ಡಪಟ್ಟಿ, ಒಂದು ಕೈಯಲ್ಲಿ ಕಿರುಗಂಟೆ, ಇನ್ನೊಂದರಲ್ಲಿ ಬಣ್ಣದ ಪುಟ್ಟ ಚಾಟಿ. ಪಿಟೀಲು ಎಳೆದ ರಾಗಕ್ಕೆ ಹಿಮ್ಮಡಿ ಒಮ್ಮೆ, ಮುಂಗಾಲು ಒಮ್ಮೆ ನೆಲಕ್ಕೆ ಬಡಿಯುತ್ತದೆ. ಎದ್ದ ಧೂಳು ಮೊಣಕಾಲಿನ ತನಕ ಮೆತ್ತುತ್ತದೆ. ಮೇಳದ ಮುಂದಾಳುವಿಗೆ ‘ಕಪೊರಾಲ್’ ಎನ್ನುತ್ತಾರೆ. ಅದು ಹೊಲದ ಮೇಸ್ತ್ರಿಯ ಹೆಸರು! ಅಜ್ಜಂದಿರ ಬೆನ್ನು ಕಂಡ ಚಾಟಿ ಮೊಮ್ಮಕ್ಕಳ ಕೈಯಲ್ಲಿ ಆಟಿಕೆಯಾದ ಬಗೆಯನ್ನು ಯಾವ ದಫ್ತರವೂ ಬರೆದಿಟ್ಟಿಲ್ಲ. 2009ರಲ್ಲಿ ತೀರಿಕೊಂಡ ಪಿಟೀಲುಗಾರ ಅಮಾಡೋರ್ ಬಾಯುಂಬ್ರೋಸಿಯೊ ಈ ಹೆಜ್ಜೆಗಳನ್ನು ಉಳಿಸಿದ ಹಿರಿಯ. 2019ರಲ್ಲಿ ಯುನೆಸ್ಕೊ ಈ ಕುಣಿತವನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

2007ರ ಆಗಸ್ಟ್ 15ರ ಸಂಜೆ ನೆಲವೇ ಕುಣಿಯಿತು. 8.0 ತೀವ್ರತೆಯ ಆ ಕಂಪನಕ್ಕೆ ಪಿಸ್ಕೊ, ಚಿಂಚಾ, ಇಕಾ ಸೀಮೆಗಳ ಹಸಿ ಇಟ್ಟಿಗೆಯ ಮನೆಗಳು ಸಾಲುಸಾಲಾಗಿ ಕುಸಿದವು, 500ಕ್ಕೂ ಹೆಚ್ಚು ಜನ ಸತ್ತರು. ಇಟ್ಟಿಗೆಯ ಪುಡಿಯನ್ನು ಗುದ್ದಲಿಯಿಂದ ಎಳೆದು ಜನ ಮತ್ತೆ ಮನೆ ಕಟ್ಟಿದರು.

ಸರ್ಕಾರಕ್ಕೆ ಕಾಯದೆ ಊರವರೇ ಕೂಡಿ ಮಾಡುವ ಬಿಟ್ಟಿ ಕೆಲಸಕ್ಕೆ ಪೆರುವಿನಲ್ಲಿ ‘ಫಾಯೆನಾ’ ಎನ್ನುತ್ತಾರೆ. ಮಕ್ಕಳಿಗೊಂದು ಆಟದಂಗಳ ಬೇಕೆಂದರೂ ಅದೇ ದಾರಿ: ಒಬ್ಬ ಮರ ಕೊಯ್ಯುತ್ತಾನೆ, ಒಬ್ಬ ಗುಂಡಿ ತೋಡುತ್ತಾನೆ, ಹೆಂಗಸರು ದೊಡ್ಡ ಹಂಡೆಯಲ್ಲಿ ಎಲ್ಲರಿಗೂ ಅಡುಗೆ ಮಾಡುತ್ತಾರೆ. ಹಳೆ ಟೈರು ಉಯ್ಯಾಲೆಯಾಗುತ್ತದೆ. ತೆರೆಯುವ ದಿನ ರಿಬ್ಬನ್ನಿಗೆ ಶೀಷೆಯೊಂದನ್ನು ತೂಗುಹಾಕಿ, ಧರ್ಮತಂದೆ ‘ಪಾಡ್ರಿನೊ’ ಆಗಿ ಬಂದ ಹಿರಿಯರೋ ಧರ್ಮತಾಯಿ ‘ಮಾಡ್ರಿನಾ’ ಆದ ಅಮ್ಮನೋ ಸುತ್ತಿಗೆಯಿಂದ ಅದನ್ನು ಒಡೆಯಬೇಕು. ಭಾಷಣ ಉದ್ದವಾಗುತ್ತದೆ. ಅಷ್ಟರಲ್ಲಿ ಹಿಂದಿನ ಸಾಲಿನ ಪೋರನೊಬ್ಬ ಹಗ್ಗದಡಿ ನುಸುಳಿ ಟೈರಿನೊಳಗೆ ಕೂತಾಗಿರುತ್ತದೆ.